ಪತ್ತನಾಜೆ ಕಳೆದ ಮೇಲಿನ ಲೆಕ್ಕ

ತುಳುವರ ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಹೆಚ್ಚುಕಡಿಮೆ ಮೇ 24. ಆ ಹೊತ್ತಿಗೆ ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ, ಕೋಲ–ನೇಮಗಳು ನಿಲ್ಲುತ್ತವೆ, ದೇವಸ್ಥಾನಗಳ ಉತ್ಸವ ಮುಗಿಯುತ್ತದೆ. ಇನ್ನೊಂದು ವಾರಕ್ಕೆ ಜೂನ್ 1. ಅವತ್ತಿನಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಲ್ಪೆ ಬಂದರಿನಲ್ಲಿ ದೋಣಿಗೆ ದೋಣಿ ತಾಗಿ ನಿಲ್ಲುತ್ತದೆ. ಕಂಬಳದ ಗದ್ದೆಗಳು ಮಾರ್ಚ್–ಏಪ್ರಿಲಿಗೇ ಖಾಲಿಯಾಗಿರುತ್ತವೆ. ಸೇಂಟ್ ಮೇರೀಸ್ ದ್ವೀಪಕ್ಕೆ ಪ್ರವಾಸಿ ದೋಣಿ ಬಂದ್. ಜುಲೈ ನಡುವಿಗೆ ಆಟಿ ತಿಂಗಳು ಬಂತೆಂದರೆ ಮದುವೆಯ ಮಾತನ್ನೇ ಯಾರೂ ಎತ್ತುವುದಿಲ್ಲ.

ಮೇಳದವರು, ದೋಣಿಯವರು, ಕೋಣ ಕಟ್ಟುವವರು, ಪುರೋಹಿತರು ಎಲ್ಲರಿಗೂ ಒಂದೇ ಸಲ ಬಿಡುವಾಗುವ ಈ ಊರಿನಲ್ಲಿ ಇವರೆಲ್ಲರ ಬೆನ್ನ ಹಿಂದೆ ಓಡಾಡುವ ಇನ್ನೊಬ್ಬರ ಕಸುಬೂ ಅದೇ ವಾರ ನಿಲ್ಲುತ್ತದೆ. ಅವರು ಫೋಟೋಗ್ರಾಫರು. ಮಲ್ಪೆ, ಉಡುಪಿ, ಕಾಪು, ಕಾರ್ಕಳದ ಸ್ಟುಡಿಯೋಗಳ ವರ್ಷ ಏಪ್ರಿಲಿನಲ್ಲಿ ಶುರುವಾಗುವುದು ಲೆಕ್ಕಪತ್ರದವರ ಪುಸ್ತಕದಲ್ಲಿ ಮಾತ್ರ. ನಿಜವಾಗಿ ಅದು ದೀಪಾವಳಿಗೆ ಶುರುವಾಗಿ ಪತ್ತನಾಜೆಗೆ ಮುಗಿಯುತ್ತದೆ. ಆರೂವರೆ ತಿಂಗಳು ದುಡಿದದ್ದರಲ್ಲಿ ಹನ್ನೆರಡು ತಿಂಗಳ ಬಾಡಿಗೆ, ಸಾಲದ ಕಂತು, ಮಕ್ಕಳ ಶಾಲೆಯ ಫೀಸು ಎಲ್ಲ ನಡೆಯಬೇಕು.

ಈ ಕಸುಬಿನವರನ್ನು ಕೇಳಿದರೆ ಎರಡು ಬಗೆಯ ಉತ್ತರ ಬರುತ್ತದೆ. ಹೊಟ್ಟೆಪಾಡು ಎಲ್ಲಿಂದ ಎಂದರೆ ಮದುವೆ. ಖುಷಿ ಎಲ್ಲಿಂದ ಎಂದರೆ ಬಂದರು, ಕೋಲ, ಕಂಬಳ, ಮಳೆ. ಮೊದಲನೆಯದು ವ್ಯಾಪಾರ, ಎರಡನೆಯದು ಹವ್ಯಾಸ ಎಂದು ಅವರೇ ಗೆರೆ ಎಳೆದುಕೊಂಡಿರುತ್ತಾರೆ. ಈ ಗೆರೆ ತಪ್ಪಾದ ಜಾಗದಲ್ಲಿದೆ ಎಂಬುದು ಈ ವಾರದ ಅಂಕಣದ ವಾದ. ಅದಕ್ಕೆ ಬೇಕಾದ ಆಧಾರ ನಮ್ಮ ಕಾನೂನಿನಲ್ಲೇ ಇದೆ. ಅಲ್ಲಿಗೆ ಹೋಗುವ ಮೊದಲು ಮದುವೆಯ ಲೆಕ್ಕ ನೋಡೋಣ.

‘ಒಂದು ದಿನಕ್ಕೆ ಎಷ್ಟು?’

ಗಿರಾಕಿ ಕೇಳುವ ಮೊದಲ ಪ್ರಶ್ನೆ ಇದು. ಆದರೆ ಕರಾವಳಿಯ ಮದುವೆ ಒಂದು ದಿನಕ್ಕೆ ಮುಗಿಯುವ ಕಾಲ ಹೋಯಿತು. ಮೊದಲಿಗೆ ಪ್ರಿ–ವೆಡ್ಡಿಂಗ್: 1901ರಿಂದ ನಿಂತಿರುವ ಕಾಪು ದೀಪಸ್ತಂಭದ ಕೆಳಗಿನ ಬಂಡೆ, ಸ್ವರ್ಣಾ ನದಿ ಕೆಳಗೆ ಹಾವಿನಂತೆ ಹರಿಯುವ ಮಣಿಪಾಲದ ಎಂಡ್ ಪಾಯಿಂಟ್, ಮಲ್ಪೆಯ ಮರಳು. ಆಮೇಲೆ ಮೆಹಂದಿ; ಕ್ರೈಸ್ತರ ಮನೆಯಾದರೆ ರೋಸ್. ಮೂರನೆಯ ದಿನ ಧಾರೆ. ಅದರ ಮೇಲೆ ಆರತಕ್ಷತೆ, ಬೀಗರೂಟ. ಮುಂಬಯಿಯಲ್ಲೋ ದುಬೈಯಲ್ಲೋ ಇರುವ ನೆಂಟರಿಗೆ ಲೈವ್ ಬೇಕು. ಸಂಜೆಯ ಒಳಗೆ ಒಂದು ರೀಲ್ಸ್ ಬೇಕು. ಮೇಲಿನಿಂದ ಡ್ರೋನ್ ಬೇಕು.

ಕಷ್ಟ ಕೆಲಸದಲ್ಲೇ ಇದೆ. ಧಾರೆಯ ನೀರು ಬೀಳುವ ಕ್ಷಣ ಮತ್ತೆ ಬರುವುದಿಲ್ಲ. ‘ಇನ್ನೊಮ್ಮೆ ಎರೆಯಿರಿ’ ಎಂದರೆ ಸಭೆ ನಗುತ್ತದೆ. ಮದುಮಗಳ ಕಪ್ಪು ಜಡೆಯ ಮೇಲೆ ಶಂಕರಪುರದ ಅಚ್ಚ ಬಿಳಿ ಮಲ್ಲಿಗೆ, ಅದರ ಪಕ್ಕದಲ್ಲಿ ಚಿನ್ನ, ಹಿಂದೆ ಬಣ್ಣ ಬದಲಿಸುವ ಎಲ್‌ಇಡಿ ಪರದೆ. ಜಡೆಗೆ ಬೆಳಕು ಹಿಡಿದರೆ ಮಲ್ಲಿಗೆ ಸುಣ್ಣದ ಉಂಡೆಯಾಗುತ್ತದೆ, ಮಲ್ಲಿಗೆಯ ಎಸಳು ಉಳಿಸಿದರೆ ಮುಖ ಕಪ್ಪಾಗುತ್ತದೆ. ಮಂಟಪದ ನೇರಳೆ ಬೆಳಕು ಅರಸಿನ ಹಚ್ಚಿದ ಕೆನ್ನೆಗೆ ಬಿದ್ದರೆ ಬರುವ ಬಣ್ಣಕ್ಕೆ ಹೆಸರಿಲ್ಲ. ಇದನ್ನೆಲ್ಲ ಅರೆಗಳಿಗೆಯಲ್ಲಿ ಅಂದಾಜು ಮಾಡುವವರಿಗೆ ಅದೇ ಹೊತ್ತಿನಲ್ಲಿ ಹತ್ತು ಮೊಬೈಲುಗಳು ಅಡ್ಡ ಬರುತ್ತವೆ.

ಈಗ ಲೆಕ್ಕ. ಒಂದು ಮದುವೆಯಲ್ಲಿ 3,000 ಚಿತ್ರ ಎಂದಿಟ್ಟುಕೊಳ್ಳಿ. ಇದು ದೊಡ್ಡ ಸಂಖ್ಯೆಯೇನಲ್ಲ. ಒಂದು ಚಿತ್ರವನ್ನು ಕಂಪ್ಯೂಟರಿನಲ್ಲಿ ಹತ್ತು ಸೆಕೆಂಡ್ ನೋಡಿ ಇಡುವುದೋ ಬಿಡುವುದೋ ತೀರ್ಮಾನಿಸಿದರೂ ಎಂಟು ಗಂಟೆ ಮೀರುತ್ತದೆ. ಬಣ್ಣ ಸರಿಪಡಿಸುವುದು, ಆಲ್ಬಂ ವಿನ್ಯಾಸ, ವಿಡಿಯೋ ಎಡಿಟಿಂಗ್ ಇದರ ಮೇಲಿನದು. ಚಿತ್ರವೊಂದಕ್ಕೆ 30 ಎಂಬಿ ಹಿಡಿದರೆ 90 ಜಿಬಿ. ಒಂದು ಡಿಸ್ಕ್ ಕೈಕೊಟ್ಟರೆ ಇನ್ನೊಂದಿರಲಿ ಎಂದು ಎರಡು ಪ್ರತಿ ಇಟ್ಟರೆ 180 ಜಿಬಿ. ಸಾಮಾನ್ಯವಾಗಿ ಬಳಸುವ 4ಕೆ ವಿಡಿಯೋ ಗಂಟೆಗೆ ಸುಮಾರು 45 ಜಿಬಿ ನುಂಗುತ್ತದೆ. ಮೆಕ್ಯಾನಿಕಲ್ ಷಟರ್ ಇರುವ ಕ್ಯಾಮೆರಾಗಳಿಗೆ ತಯಾರಕರು ಒಂದೂವರೆ ಲಕ್ಷ, ಎರಡು ಲಕ್ಷ ಕ್ಲಿಕ್ಕಿನ ಬಾಳಿಕೆ ಹೇಳುತ್ತಾರೆ. ಮದುವೆಗೆ 3,000ದಂತೆ ಒಂದೂವರೆ ಲಕ್ಷ ಮುಗಿಯಲು ಬೇಕಾದದ್ದು 50 ಮದುವೆ.

ಕ್ಯಾಮೆರಾ, ಲೆನ್ಸು, ಫ್ಲಾಶು, ಕಂಪ್ಯೂಟರು ಸೇರಿ ನಾಲ್ಕು ಲಕ್ಷದ ಸಾಮಾನು, ನಾಲ್ಕು ವರ್ಷದ ಬಾಳಿಕೆ, ವರ್ಷಕ್ಕೆ 40 ಆರ್ಡರು ಎಂದುಕೊಂಡರೆ ಕ್ಯಾಮೆರಾ ಚೀಲದಿಂದ ಹೊರಬರುವ ಮೊದಲೇ ಪ್ರತಿ ಆರ್ಡರಿನಲ್ಲಿ 2,500 ರೂಪಾಯಿ ಸಾಮಾನಿನ ಸವಕಳಿಗೆ ಹೋಗಿರುತ್ತದೆ. ಈ ಮೊತ್ತವನ್ನು ಬೇರೆಯಾಗಿ ಎತ್ತಿಡುವವರು ಕಡಿಮೆ. ಸೀಸನ್ನಿನಲ್ಲಿ ಕೈಗೆ ಬಂದದ್ದೆಲ್ಲ ಆದಾಯ ಎಂಬ ಭ್ರಮೆ ಹುಟ್ಟುತ್ತದೆ. ಕ್ಯಾಮೆರಾ ಸತ್ತ ದಿನ ಸಾಲದ ಅರ್ಜಿ ತುಂಬಬೇಕಾಗುತ್ತದೆ.

ಇನ್ನೊಂದು ತೊಡಕು ಪಂಚಾಂಗದ್ದು. ಒಳ್ಳೆಯ ಮುಹೂರ್ತ ಇದ್ದ ದಿನ ಊರಿನ ಎಲ್ಲ ಸಭಾಭವನಗಳೂ ಭರ್ತಿ. ಐದು ಮನೆಯವರು ಕರೆದರೂ ಹೋಗಲಾಗುವುದು ಒಂದಕ್ಕೆ. ಉಳಿದ ಕಡೆಗೆ ಬೇರೆಯವರನ್ನು ದಿನಗೂಲಿಗೆ ಕಳಿಸಬೇಕು. ಅವರು ತೆಗೆದ ಚಿತ್ರಕ್ಕೂ ಹೆಸರು ಸ್ಟುಡಿಯೋದ್ದೇ, ಬೈಗುಳವೂ ಸ್ಟುಡಿಯೋಗೇ. ಮುಂಗಡ ಬರುತ್ತದೆ, ಮದುವೆ ದಿನದ ಕಂತು ಬರುತ್ತದೆ, ಕೊನೆಯ ಕಂತು ಮಾತ್ರ ಆಲ್ಬಮ್ಮಿಗೆ ಕಟ್ಟಿಹಾಕಿಕೊಂಡಿರುತ್ತದೆ. ಆಲ್ಬಮ್ಮಿಗೆ 300 ಚಿತ್ರ ಆರಿಸಿ ಕೊಡಬೇಕಾದ ಹುಡುಗ ಕೆಲಸಕ್ಕೆ ಮರಳಿ ಗಲ್ಫ್ ಸೇರಿರುತ್ತಾನೆ, ಹುಡುಗಿ ವೀಸಾದ ಓಡಾಟದಲ್ಲಿರುತ್ತಾಳೆ. ‘ಈ ಭಾನುವಾರ ಕೂತು ನೋಡ್ತೇವೆ ಮಾರಾಯ್ರೆ’ ಎಂಬ ಭಾನುವಾರ ಮುಂದಿನ ಮಳೆಗಾಲದವರೆಗೆ ಹೋಗುತ್ತದೆ.

ಅಂಗಡಿಯ ಮುಂದಿನ ಸಣ್ಣ ಸಾಲು

ಹಿಂದೆ ಇಂಥ ಖಾಲಿ ತಿಂಗಳುಗಳನ್ನು ದಾಟಿಸುತ್ತಿದ್ದದ್ದು ಸ್ಟುಡಿಯೋದ ಸಣ್ಣ ವ್ಯಾಪಾರ. ಜೂನ್ ಬಂತೆಂದರೆ ಶಾಲೆ–ಕಾಲೇಜಿನ ಪ್ರವೇಶಕ್ಕೆ ಪಾಸ್‌ಪೋರ್ಟ್ ಸೈಜ್ ಫೋಟೋ. ಮಣಿಪಾಲದಂಥ ವಿದ್ಯಾರ್ಥಿಗಳ ಊರಿನ ಪಕ್ಕದಲ್ಲಿ ಇದು ಕಡಿಮೆ ಸಂಪಾದನೆಯೇನಲ್ಲ. ಗಲ್ಫಿಗೆ ಹೊರಡುವವರಿಗೆ ಪಾಸ್‌ಪೋರ್ಟು, ವೀಸಾ ಚಿತ್ರ. ವರ್ಷಕ್ಕೊಮ್ಮೆ ಮನೆಮಂದಿಯೆಲ್ಲ ಬಂದು ಬಣ್ಣದ ಪರದೆಯ ಮುಂದೆ ಕುಳಿತು ತೆಗೆಸಿಕೊಳ್ಳುವ ಫ್ಯಾಮಿಲಿ ಫೋಟೋ. ಹೋದ ಹಿರಿಯರ ಹಳೆಯ ಚಿತ್ರವನ್ನು ದೊಡ್ಡದು ಮಾಡಿ ಕಟ್ಟು ಹಾಕಿಸುವ ಕೆಲಸ.

ಇವು ಒಂದೊಂದಾಗಿ ಹೋದವು. ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ ಅಲ್ಲಿಯ ಕ್ಯಾಮೆರಾದಲ್ಲೇ ಚಿತ್ರ ತೆಗೆಯುತ್ತಾರೆ. ಆಧಾರ್ ಕೇಂದ್ರದಲ್ಲೂ ಹಾಗೆಯೇ, ಚಾಲನಾ ಪರವಾನಗಿಗೂ ಹಾಗೆಯೇ. ಫ್ಯಾಮಿಲಿ ಫೋಟೋ ಮೊಬೈಲಿಗೆ ಹೋಯಿತು. ಇದು ಊರಿನ ಸ್ಟುಡಿಯೋ ಒಂದರದೇ ಗತಿ ಎಂದು ಕೊರಗಬೇಕಾಗಿಲ್ಲ. 1975ರಲ್ಲಿ ಡಿಜಿಟಲ್ ಕ್ಯಾಮೆರಾದ ಮೊದಲ ಮಾದರಿಯನ್ನು ಕಟ್ಟಿದ್ದು ಕೊಡಾಕ್ ಕಂಪನಿಯ ಎಂಜಿನಿಯರ್ ಸ್ಟೀವನ್ ಸ್ಯಾಸನ್. ಫಿಲ್ಮ್ ಮಾರಾಟದ ಲಾಭ ಬಿಟ್ಟುಕೊಡಲಾಗದೆ ಕುಳಿತ ಅದೇ ಕೊಡಾಕ್ 2012ರ ಜನವರಿಯಲ್ಲಿ ದಿವಾಳಿ ಅರ್ಜಿ ಹಾಕಿತು.

ಫಿಲ್ಮ್ ಕಾಲದವರಿಗೆ ರೋಲಿಗೆ 36 ಚಿತ್ರ. ಒಂದೊಂದು ಕ್ಲಿಕ್ಕಿಗೂ ದುಡ್ಡಿನ ಲೆಕ್ಕವಿತ್ತು, ಹಾಗಾಗಿ ದರ ಹೇಳುವುದೂ ಸುಲಭವಿತ್ತು. ಈಗ ಕ್ಲಿಕ್ಕಿಗೆ ಖರ್ಚಿಲ್ಲ ಎಂದು ಗಿರಾಕಿ ನಂಬಿದ್ದಾನೆ. ಖರ್ಚು ಕಣ್ಣಿಗೆ ಬೀಳದ ಕಡೆಗೆ ಸರಿದಿದೆ ಅಷ್ಟೆ: ಡಿಸ್ಕಿಗೆ, ಸಾಫ್ಟ್‌ವೇರಿನ ಮಾಸಿಕ ಬಾಡಿಗೆಗೆ, ಎಡಿಟಿಂಗ್ ಮಾಡುವವರ ಸಂಬಳಕ್ಕೆ. ಸರ್ಕಾರದ ಲೆಕ್ಕವೂ ಇದೆ. ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ, ಛಾಯಾಗ್ರಹಣ ಸೇವೆಗೆ ತೆರಿಗೆ ಶೇ 18. ಡ್ರೋನಿಗೆ 2021ರ ನಿಯಮಗಳಿವೆ: 250 ಗ್ರಾಂ ಮೀರಿದ ಡ್ರೋನನ್ನು ದುಡ್ಡು ತೆಗೆದುಕೊಂಡು ಹಾರಿಸಬೇಕಾದರೆ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕು. ಮದುವೆ ಮನೆಯವರು ಇದನ್ನು ಕೇಳುವುದಿಲ್ಲ. ಏನಾದರೂ ತಲೆಯ ಮೇಲೆ ಬಿದ್ದ ಮೇಲೆ ಪೊಲೀಸರು ಕೇಳುತ್ತಾರೆ.

ಕಡಲ ಬದಿಯ ಸ್ಟುಡಿಯೋಗೆ ಇನ್ನೊಂದು ವೈರಿ ಉಂಟು, ತೇವ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರಲ್ಲಿ ಬಹುಪಾಲು ಜೂನ್–ಸೆಪ್ಟೆಂಬರಿನಲ್ಲಿ. ಬಳಸದೆ ಚೀಲದಲ್ಲಿಟ್ಟ ಲೆನ್ಸಿನ ಒಳಗಾಜಿನಲ್ಲಿ ಜೇಡರ ಬಲೆಯಂತೆ ಫಂಗಸ್ ಹಬ್ಬುತ್ತದೆ. ಹಳಬರು ಕಪಾಟಿನೊಳಗೆ ಸಣ್ಣ ಬಲ್ಬು ಉರಿಸಿಡುತ್ತಿದ್ದರು. ಈಗಿನವರು ತೇವಾಂಶವನ್ನು ಶೇ 40–50ರಲ್ಲಿ ನಿಲ್ಲಿಸುವ ಡ್ರೈ ಕ್ಯಾಬಿನೆಟ್ ಕೊಳ್ಳುತ್ತಾರೆ. ಆರ್ಡರು ಇಲ್ಲದ ತಿಂಗಳಲ್ಲೂ ಸಾಮಾನಿಗೆ ಖರ್ಚಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ.

ಚಿತ್ರ ಯಾರದು?

ಇಷ್ಟೆಲ್ಲ ಖರ್ಚು ಮಾಡಿ, ಬೆವರು ಹರಿಸಿ ತೆಗೆದ ಮದುವೆಯ ಚಿತ್ರದ ಒಡೆಯರು ಯಾರು? ತೆಗೆದವರು ಎಂದು ಹೆಚ್ಚಿನ ಛಾಯಾಗ್ರಾಹಕರು ನಂಬಿದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆ ಹಾಗೆನ್ನುವುದಿಲ್ಲ. ಚಿತ್ರದ ಕರ್ತೃ ಅದನ್ನು ತೆಗೆದವರೇ ಎಂದು ಕಾಯ್ದೆ ಒಪ್ಪುತ್ತದೆ, ಸಾಮಾನ್ಯವಾಗಿ ಕರ್ತೃವೇ ಮೊದಲ ಒಡೆಯ ಎನ್ನುವುದನ್ನೂ ಒಪ್ಪುತ್ತದೆ. ಆದರೆ 17ನೆಯ ಕಲಂ ಕೆಲವು ವಿನಾಯಿತಿಗಳನ್ನು ಹೇಳುತ್ತದೆ. ಒಬ್ಬರು ಹಣ ಕೊಟ್ಟು, ತಮಗಾಗಿ ಚಿತ್ರ ತೆಗೆಸಿದರೆ, ಬೇರೆ ಕರಾರು ಇಲ್ಲದ ಪಕ್ಷದಲ್ಲಿ, ಹಕ್ಕುಸ್ವಾಮ್ಯದ ಮೊದಲ ಒಡೆಯರು ತೆಗೆಸಿದವರು.

ಅಂದರೆ ಧಾರೆಯ ಆ ಅಪರೂಪದ ಚಿತ್ರವನ್ನು ಸ್ಟುಡಿಯೋದ ಗಾಜಿನಲ್ಲಿ ತೂಗುಹಾಕಲು, ಇನ್‌ಸ್ಟಾಗ್ರಾಮಿಗೆ ಏರಿಸಲು, ಸ್ಪರ್ಧೆಗೆ ಕಳಿಸಲು, ಜಾಹೀರಾತಿಗೆ ಕೊಡಲು ಮದುವೆ ಮನೆಯವರ ಒಪ್ಪಿಗೆ ಬೇಕು. ಕರಾರಿನಲ್ಲಿ ಒಂದು ಸಾಲು ಬರೆಸಿಕೊಂಡಿದ್ದರೆ ಮಾತ್ರ ಪರಿಸ್ಥಿತಿ ಬದಲಾಗುತ್ತದೆ. ಕಾಯ್ದೆಯೇ ‘ಬೇರೆ ಕರಾರು ಇಲ್ಲದಿದ್ದರೆ’ ಎಂದು ಬಾಗಿಲು ತೆರೆದಿಟ್ಟಿದೆ. ಆದರೆ ನಮ್ಮಲ್ಲಿ ಕರಾರು ಅಂದರೆ ಫೋನಿನಲ್ಲಿ ‘ಆಯ್ತು, ತಾರೀಕು ಬರಕೊಳ್ಳಿ’ ಎನ್ನುವುದು.

ಪತ್ರಿಕೆಯ ಸಂಬಳದ ಛಾಯಾಗ್ರಾಹಕರ ವಿಷಯ ಸ್ವಲ್ಪ ಬೇರೆ. ಪತ್ರಿಕೆಯಲ್ಲಿ ಅಚ್ಚು ಹಾಕುವ ಮಟ್ಟಿಗೆ ಹಕ್ಕು ಮಾಲೀಕರದು. ಬೇರೆ ಒಪ್ಪಂದ ಇಲ್ಲದಿದ್ದರೆ ಉಳಿದ ಬಳಕೆಯ ಹಕ್ಕು ತೆಗೆದವರದು.

ಮೂರನೆಯ ಬಗೆ ಉಳಿಯಿತು: ಯಾರೂ ಹೇಳದೆ, ಯಾರೂ ದುಡ್ಡು ಕೊಡದೆ, ತಮ್ಮ ಖುಷಿಗೆ ತೆಗೆದದ್ದು. ನಸುಕಿನ ಬಂದರು, ಮಳೆಯ ಕಡಲು, ಕೆಸರು ಹಾರಿಸುವ ಕೋಣ. ಇದು ಪೂರ್ತಿಯಾಗಿ ತೆಗೆದವರ ಸೊತ್ತು. ತೆಗೆದವರ ಜೀವಮಾನವಿಡೀ, ಅವರು ತೀರಿದ ಮುಂದಿನ ವರ್ಷದಿಂದ ಎಣಿಸಿ ಇನ್ನೂ 60 ವರ್ಷ ಆ ಹಕ್ಕು ಉಳಿಯುತ್ತದೆ, ಮಕ್ಕಳಿಗೂ ಸಲ್ಲುತ್ತದೆ. ಕೂಲಿ ಸಿಕ್ಕ ಚಿತ್ರ ಕೂಲಿ ಕೊಟ್ಟವರದು, ಕೂಲಿ ಸಿಗದ ಚಿತ್ರ ತೆಗೆದವರದು. ಹವ್ಯಾಸ ಎಂದು ಪಕ್ಕಕ್ಕಿಟ್ಟದ್ದೇ ಛಾಯಾಗ್ರಾಹಕರ ಆಸ್ತಿ. ವ್ಯಾಪಾರ ಎಂದುಕೊಂಡದ್ದು ದಿನದ ದುಡಿಮೆ. ಲೆಕ್ಕದ ಪುಸ್ತಕದಲ್ಲಿ ಗೆರೆ ಎಳೆಯಬೇಕಾದ ಜಾಗ ಇದು.

ಬಂದರು, ಬಂಡೆ, ಬೊಬ್ಬರ್ಯ

ಆಸ್ತಿ ಮಾಡಲು ಇದಕ್ಕಿಂತ ಒಳ್ಳೆಯ ಊರು ಸಿಗುವುದು ಕಷ್ಟ. ಮಲ್ಪೆ ಎಂದ ಕೂಡಲೇ ಹೊರಗಿನವರು ಸೂರ್ಯಾಸ್ತ ತೆಗೆಯಲು ಬೀಚಿಗೆ ಓಡುತ್ತಾರೆ. ಇಲ್ಲಿಯವರು ಬೆಳಿಗ್ಗೆ ಬಂದರಿಗೆ ಹೋಗುತ್ತಾರೆ. ಪಡುವಣ ಕರಾವಳಿಯಲ್ಲಿ ಸಂಜೆಯ ಬೆಳಕು ಕಡಲಿನ ಕಡೆಯಿಂದ ಕಣ್ಣಿಗೆ ಹೊಡೆಯುತ್ತದೆ, ಮನುಷ್ಯರೆಲ್ಲ ಕಪ್ಪು ನೆರಳಾಗುತ್ತಾರೆ. ಬೆಳಗಿನ ಬೆಳಕು ಊರಿನ ಕಡೆಯಿಂದ ಬಂದು ಕಡಲಿನಿಂದ ಮರಳುವ ದೋಣಿಯ ಮೂತಿಗೆ, ಅದರ ಮೇಲೆ ನಿಂತವರ ಮುಖಕ್ಕೆ ಬೀಳುತ್ತದೆ. ಅದಕ್ಕೂ ಮೊದಲಿನ ಅರ್ಧ ಗಂಟೆಯಲ್ಲಿ ಆಕಾಶ ನೀಲಿ, ದೋಣಿಯ ದೀಪ ಬೆಳ್ಳಗೆ, ಚಾದಂಗಡಿಯ ಬಲ್ಬು ಹಳದಿ. ಮೂರು ಬಣ್ಣದ ಬೆಳಕನ್ನು ಒಂದೇ ಚಿತ್ರದಲ್ಲಿ ನಿಭಾಯಿಸಲು ಇಲ್ಲಿ ಕಲಿತವರಿಗೆ ಮದುವೆ ಮಂಟಪದ ನೇರಳೆ ದೀಪ ಹೆದರಿಕೆ ಹುಟ್ಟಿಸುವುದಿಲ್ಲ. ಏಲಂ ಕೂಗುವ ಕೈ, ಬುಟ್ಟಿ ಎತ್ತುವ ಕುತ್ತಿಗೆ, ಮಂಜುಗಡ್ಡೆ ಪುಡಿಮಾಡುವ ಸದ್ದು, ಬಂಗುಡೆಯ ಬೆನ್ನಿನ ಹಸಿರು ಗೆರೆ: ಮರುದಿನ ಇವೇ ಇದ್ದರೂ ಹೀಗೆಯೇ ಇರುವುದಿಲ್ಲ.

ಬಂದರಿನ ನಿಯಮ ಒಂದೇ, ಕೇಳಿ ತೆಗೆಯುವುದು. ಮೀನು ಮಾರುವ ಮೊಗವೀರ ಹೆಂಗಸರು ಪ್ರವಾಸಿಗರ ತಮಾಷೆಗೆ ಕುಳಿತವರಲ್ಲ. ಅವರಿಗೆ ಅದು ವ್ಯಾಪಾರದ ಹೊತ್ತು. ‘ಅಕ್ಕಾ, ಒಂಜಿ ಪಟ ದೆಪ್ಪುವೆ’ ಎಂದು ತುಳುವಿನಲ್ಲಿ ಕೇಳಿದವರಿಗೆ ಬೈಗುಳ ಸಿಗುವುದು ಅಪರೂಪ, ನಗು ಸಿಗುವುದೇ ಹೆಚ್ಚು. ಮುಂದಿನ ಸಲ ಹೋಗುವಾಗ ಒಂದು ಪ್ರಿಂಟ್ ಕೊಟ್ಟರೆ ಆ ಬಂದರಿನಲ್ಲಿ ಅವರಿಗೆ ಯಾರೂ ಅಡ್ಡ ಬರುವುದಿಲ್ಲ.

ಬಂದರಿನಿಂದಾಚೆಗೆ ಸೇಂಟ್ ಮೇರೀಸ್ ದ್ವೀಪ. ಅಲ್ಲಿಯ ಆರು ಮುಖದ ಕಲ್ಲುಕಂಬಗಳು ಸುಮಾರು 8.8 ಕೋಟಿ ವರ್ಷದ ಹಿಂದೆ ಹರಿದ ಲಾವಾ ತಣಿದು ಕುಗ್ಗಿ ಸೀಳಿದ್ದು. ಮಡಗಾಸ್ಕರ್ ಭಾರತದಿಂದ ಬೇರ್ಪಟ್ಟ ಕಾಲದ ಗುರುತು ಎಂದು ಭೂವಿಜ್ಞಾನಿಗಳು ಓದುತ್ತಾರೆ. ಛಾಯಾಗ್ರಾಹಕರಿಗೆ ಅದೊಂದು ಪರೀಕ್ಷೆ. ಪ್ರವಾಸಿ ದೋಣಿಗಳು ಹಗಲಲ್ಲಷ್ಟೇ ಓಡುವುದರಿಂದ ಮುಂಜಾನೆ–ಮುಸ್ಸಂಜೆಯ ಓರೆ ಬೆಳಕು ಸಿಗದು. ನೆತ್ತಿಯ ಬಿಸಿಲಿನಲ್ಲಿ ಕಪ್ಪು ಬಂಡೆ ಚಪ್ಪಟೆಯಾಗುತ್ತದೆ. ಅಲೆ ಬಂದು ಬಂಡೆ ಒದ್ದೆಯಾದ ಗಳಿಗೆಯಲ್ಲಿ ಕಂಬಗಳ ಅಂಚು ಹೊಳೆಯುತ್ತದೆ, ಅದಕ್ಕಾಗಿ ಕಾಯಬೇಕು.

ಕಾಯುವುದರಲ್ಲಿ ಊರೂರಿಗೆ ಅಳತೆ ಬೇರೆ. ಉಡುಪಿಯ ಪರ್ಯಾಯ ಎರಡು ವರ್ಷಕ್ಕೊಮ್ಮೆ, ಜನವರಿ 18ರಂದು. ಜೋಡುಕಟ್ಟೆಯಿಂದ ಹೊರಡುವ ಮೆರವಣಿಗೆಯನ್ನು ನಸುಕಿನ ಕತ್ತಲಲ್ಲಿ, ಜನರ ನೂಕಿನಲ್ಲಿ ಹಿಡಿಯಬೇಕು. ತಪ್ಪಿದರೆ ಇನ್ನೆರಡು ವರ್ಷ. 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ಕಾರ್ಕಳದ 42 ಅಡಿಯ ಗೊಮ್ಮಟನಿಗೆ ಮಹಾಮಸ್ತಕಾಭಿಷೇಕ 12 ವರ್ಷಕ್ಕೊಮ್ಮೆ. 2002ರಲ್ಲಿ ಆಯಿತು, 2015ರ ಜನವರಿಯಲ್ಲಿ ಆಯಿತು. ಹಾಲು, ಅರಸಿನ, ಚಂದನ ಕಲ್ಲಿನ ಮೈಮೇಲೆ ಇಳಿಯುವುದನ್ನು ಒಬ್ಬ ಛಾಯಾಗ್ರಾಹಕ ತನ್ನ ಇಡೀ ವೃತ್ತಿಯಲ್ಲಿ ಮೂರು ಸಲ ತೆಗೆದರೆ ಹೆಚ್ಚು. ಮಿಯಾರಿನ, ಕಟಪಾಡಿಯ ಕಂಬಳದಲ್ಲಿ ಕೋಣಗಳು ಓಟದ ಕೊನೆಯ ಮಂಜೊಟ್ಟಿ ಮುಟ್ಟುವುದು ಹನ್ನೆರಡು–ಹದಿಮೂರು ಸೆಕೆಂಡಿನಲ್ಲಿ. ಆ ಹೊತ್ತಿನೊಳಗೆ ಕೆಸರುನೀರಿನ ತೆರೆ, ಕೋಣದ ಕಣ್ಣು, ಓಡಿಸುವವರ ತೋಳು ಮೂರೂ ಒಂದು ಚೌಕಟ್ಟಿಗೆ ಬರಬೇಕು.

ಕೋಲದ ವಿಷಯದಲ್ಲಿ ಕಾಯುವುದರ ಜೊತೆಗೆ ಹಿಂದೆ ಸರಿಯುವುದೂ ಬರಬೇಕು. ಅರದಾಳದ ಹಳದಿ ಮುಖ, ತೆಂಗಿನ ಸಿರಿಯ ಅಲಂಕಾರ, ದೊಂದಿಯ ಬೆಳಕು ಇವೆಲ್ಲ ಕ್ಯಾಮೆರಾಕ್ಕೆ ಹೇಳಿ ಮಾಡಿಸಿದಂತಿವೆ. ಮೊಗವೀರರ ಕಡಲ ದೈವ ಬೊಬ್ಬರ್ಯನ ನೇಮಕ್ಕೆ ಸೇರಿದವರು ಮಾತ್ರ ಅಲ್ಲಿಗೆ ಬಂದದ್ದು ನುಡಿ ಕೇಳಲು. 2022ರಲ್ಲಿ ‘ಕಾಂತಾರ’ ಬಂದ ಮೇಲೆ ಕೋಲದ ಕಳದಲ್ಲಿ ಕ್ಯಾಮೆರಾ, ಮೊಬೈಲುಗಳ ನೂಕು ಹೆಚ್ಚಿತು. ಕೆಲವೆಡೆ ಮನೆತನದವರು, ಗುರಿಕಾರರು ಚಿತ್ರ ತೆಗೆಯುವುದನ್ನೇ ನಿಲ್ಲಿಸಿದರು. ಊರಿನ ಅನುಭವಿಗಳ ರೀತಿ ಸರಳ: ಮೊದಲು ಗುರಿಕಾರರನ್ನು ಕೇಳು, ಫ್ಲಾಶ್ ಹಾಕಬೇಡ, ದೂರದ ಲೆನ್ಸ್ ಹಿಡಿ, ದರ್ಶನ ಬಂದ ಹೊತ್ತಿಗೆ ಬೇಡವೆಂದರೆ ಕ್ಯಾಮೆರಾ ಇಳಿಸು. ತೆಗೆಯದೆ ಬಿಟ್ಟ ಚಿತ್ರದಿಂದ ಮುಂದಿನ ವರ್ಷದ ಪ್ರವೇಶ ಉಳಿಯುತ್ತದೆ.

ಮೊದಲು ನಡೆದವರು

ಇಂಥ ಆಸ್ತಿ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಸಾಕ್ಷಿ. ಪತ್ರಿಕೆಗಳ ನೌಕರಿ ಮಾಡಿ, ಅದನ್ನು ಬಿಟ್ಟು ಸ್ವತಂತ್ರ ಛಾಯಾಗ್ರಾಹಕರಾದವರು. ‘ಲೈಫ್’, ‘ಟೈಮ್’ನಂಥ ವಿದೇಶಿ ಪತ್ರಿಕೆಗಳಿಗೆ ಭಾರತವನ್ನು ತೋರಿಸಿದವರು. ಅವರ ಹೆಸರು ನಿಂತಿರುವುದು ರಾಜಕಾರಣಿಗಳ ಚಿತ್ರಗಳಿಗಿಂತ ಹೆಚ್ಚಾಗಿ ಶಾಲೆಯ ಮಕ್ಕಳು, ಬೀದಿಬದಿಯ ಮುದುಕರು, ಸಂತೆಯ ಹೆಂಗಸರ ಚಿತ್ರಗಳ ಮೇಲೆ. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನವಾದವು. 1977ರಲ್ಲಿ ಪದ್ಮಶ್ರೀ ಬಂದಿತ್ತು. ‘ಕಾಲಕ್ಕೆ ಕನ್ನಡಿ’ ಎಂಬ ಅವರ ಕನ್ನಡ ಪುಸ್ತಕ ಓದಿದವರಿಗೆ ಗೊತ್ತು, ಅವರು ಚಿತ್ರದ ಜೊತೆಗೆ ಅದರ ಕಥೆಯನ್ನೂ ಕಾಪಿಟ್ಟುಕೊಂಡಿದ್ದರು. ಕಥೆ ಗೊತ್ತಿದ್ದುದರಿಂದಲೇ ಒಂದು ಚಿತ್ರ ಪುಸ್ತಕಕ್ಕೆ, ಪ್ರದರ್ಶನಕ್ಕೆ, ಸಂಗ್ರಹಾಲಯಕ್ಕೆ ಮತ್ತೆ ಮತ್ತೆ ಸಂದಿತು.

ನಮ್ಮ ಜಿಲ್ಲೆಯಲ್ಲೇ ಹುಟ್ಟಿದ ಕೋಟ ಶಿವರಾಮ ಕಾರಂತರು (1902–1997) ಕೈಹಾಕದ ಕೆಲಸವಿರಲಿಲ್ಲ. ಕ್ಯಾಮೆರಾ ಹಿಡಿದರು, ಮೂಕಿ ಸಿನಿಮಾ ತೆಗೆಯುವ ಸಾಹಸಕ್ಕೂ ಇಳಿದರು. 1970ರ ಜನವರಿ 1ರಂದು ಮಣಿಪಾಲದಲ್ಲಿ ಶುರುವಾದ ‘ಉದಯವಾಣಿ’ ಕರಾವಳಿಯ ಓದುಗರಿಗೆ ದಿನವೂ ಊರಿನ ಚಿತ್ರ ನೋಡುವ ಅಭ್ಯಾಸ ಹಿಡಿಸಿತು. ಅದರ ಛಾಯಾಗ್ರಾಹಕ ಆಸ್ಟ್ರೋ ಮೋಹನ್ ಅವರ ಹೆಸರು ಹೇಳಿ ಕ್ಯಾಮೆರಾ ಹಿಡಿದ ಹುಡುಗರು ಉಡುಪಿಯಲ್ಲಿ ಬೇಕಾದಷ್ಟು ಮಂದಿ.

ಇನ್ನೂ ಹಿಂದಕ್ಕೆ ಹೋದರೆ ಬಾಸೆಲ್ ಮಿಶನ್. 1834ರಲ್ಲಿ ಮಂಗಳೂರಿಗೆ ಬಂದ ಈ ಮಿಶನರಿಗಳು ತೆಗೆದ, ತೆಗೆಸಿದ ಕರಾವಳಿಯ ಚಿತ್ರಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಇವತ್ತಿಗೂ ಭದ್ರವಾಗಿವೆ. ನೂರು ವರ್ಷ ಹಿಂದಿನ ನಮ್ಮ ಬೀದಿ, ಶಾಲೆ, ಹಂಚಿನ ಕಾರ್ಖಾನೆ ನೋಡಲು ಸಂಶೋಧಕರು ಆ ಸಂಗ್ರಹವನ್ನೇ ತೆರೆಯುತ್ತಾರೆ. ಅಲ್ಲಿ ಚಿತ್ರದ ಜೊತೆ ಸ್ಥಳ, ವಿಷಯ, ಸಿಕ್ಕಷ್ಟು ಮಟ್ಟಿಗೆ ಕಾಲ ಬರೆದಿಟ್ಟಿದ್ದಾರೆ. ಇಲ್ಲಿಯ ಹಳೆಯ ಸ್ಟುಡಿಯೋಗಳ ನೆಗೆಟಿವ್ ಡಬ್ಬಿಗಳ ಪಾಡು ಬೇರೆ: ಬೂಷ್ಟು ಹಿಡಿದು, ಒಂದಕ್ಕೊಂದು ಅಂಟಿ, ಅಂಗಡಿ ಖಾಲಿ ಮಾಡುವ ದಿನ ಗುಜರಿ ಸೇರುತ್ತವೆ. ರಂಪಣಿ ಬಲೆ ಎಳೆಯುತ್ತಿದ್ದ ಮಲ್ಪೆಯ ಒಂದು ಇಡೀ ಕಾಲ ಆ ಡಬ್ಬಿಗಳಲ್ಲಿತ್ತು.

ಬಿಡುವಿನ ತಿಂಗಳ ಕೆಲಸ

ಹಾಗಾದರೆ ಆರ್ಡರಿಲ್ಲದ ಮಳೆಗಾಲ ಸೋಮಾರಿತನದ ಕಾಲವಾಗಬೇಕಾಗಿಲ್ಲ. ದೋಣಿಯವರು ಆ 61 ದಿನದಲ್ಲಿ ಬಲೆ ಹೆಣೆಯುತ್ತಾರೆ, ಎಂಜಿನ್ ಬಿಚ್ಚಿ ಕಟ್ಟುತ್ತಾರೆ. ಛಾಯಾಗ್ರಾಹಕರಿಗೂ ಮೂರು ಕೆಲಸ ಇವೆ.

ಒಂದು, ಕರಾರಿನ ಹಾಳೆ. ಒಂದೇ ಪುಟ, ಕನ್ನಡದಲ್ಲಿ. ಯಾವ ದಿನ, ಎಷ್ಟು ಗಂಟೆ, ಎಷ್ಟು ಜನ ಬರುತ್ತಾರೆ. ಆಲ್ಬಮ್ಮಿನಲ್ಲಿ ಎಷ್ಟು ಚಿತ್ರ. ಮನೆಯವರು ಎಷ್ಟು ದಿನದೊಳಗೆ ಆರಿಸಿಕೊಡಬೇಕು, ಕೊಡದಿದ್ದರೆ ಬಾಕಿ ಹಣ ಯಾವಾಗ ಸಲ್ಲಬೇಕು. ಮೂಲ ಚಿತ್ರಗಳನ್ನು ಎಷ್ಟು ಕಾಲ ಇಟ್ಟುಕೊಳ್ಳುತ್ತೇವೆ. ಸ್ಟುಡಿಯೋ ತನ್ನ ಪ್ರಚಾರಕ್ಕೆ ಎಷ್ಟು ಚಿತ್ರ ಬಳಸಬಹುದು. ಎರಡು ಸಹಿ. ಕಾಯ್ದೆ ತೆರೆದಿಟ್ಟ ಬಾಗಿಲಿನಲ್ಲಿ ನುಗ್ಗಲು ಇಷ್ಟು ಸಾಕು.

ಎರಡು, ದರದ ಲೆಕ್ಕ. ಸಾಮಾನಿನ ಸವಕಳಿ, ಡಿಸ್ಕು, ಎಡಿಟಿಂಗ್ ದಿನಗಳು, ತಿಂಗಳ ಬಾಡಿಗೆ ಇವನ್ನೆಲ್ಲ ವರ್ಷದ ಆರ್ಡರುಗಳಿಗೆ ಹಂಚಿ, ಇದಕ್ಕಿಂತ ಕೆಳಗೆ ಇಳಿದರೆ ನಷ್ಟ ಎಂಬ ಅಂಕಿಯನ್ನು ಗೋಡೆಗೆ ಅಂಟಿಸಿಕೊಳ್ಳುವುದು. ಪಕ್ಕದ ಸ್ಟುಡಿಯೋದವರು ಕಡಿಮೆಗೆ ಒಪ್ಪಿದರು ಎಂದು ತಾವೂ ಇಳಿದರೆ ಇಬ್ಬರೂ ಪತ್ತನಾಜೆಯ ಹೊತ್ತಿಗೆ ಸಾಲಗಾರರಾಗುತ್ತಾರೆ. ದಕ್ಷಿಣ ಕನ್ನಡ–ಉಡುಪಿಯ ಛಾಯಾಗ್ರಾಹಕರಿಗೆ ಸೌತ್ ಕೆನರಾ ಫೋಟೋಗ್ರಾಫರ್ಸ್ ಅಸೋಸಿಯೇಷನ್ ಎಂಬ ಸಂಘಟನೆ ಇದೆ, ಊರೂರಲ್ಲಿ ವಲಯಗಳಿವೆ. ಮಾದರಿ ಕರಾರು, ಸವಕಳಿಯ ಲೆಕ್ಕ, ಸಾಮಾನಿನ ವಿಮೆ ಇವು ಒಬ್ಬೊಬ್ಬರು ಮಾಡುವುದಕ್ಕಿಂತ ಸಂಘ ಮಾಡಿದರೆ ಬಲ ಹೆಚ್ಚು.

ಮೂರು, ಅಡಿಬರಹ. ವರ್ಷವಿಡೀ ತಮ್ಮ ಖುಷಿಗೆ ತೆಗೆದದ್ದರಲ್ಲಿ ನೂರನ್ನು ಆರಿಸಿ, ಒಂದೊಂದಕ್ಕೂ ಸ್ಥಳ, ದಿನ, ಚಿತ್ರದಲ್ಲಿರುವವರ ಹೆಸರು, ಒಪ್ಪಿಗೆ ಕೇಳಿದ್ದೇವೆಯೇ ಎಂಬುದನ್ನು ಬರೆದಿಡುವುದು. ಅಡಿಬರಹ ಇಲ್ಲದ ಚಿತ್ರವನ್ನು ಪ್ರಕಾಶಕರು ಕೊಳ್ಳುವುದಿಲ್ಲ, ಸಂಗ್ರಹಾಲಯಗಳು ತೆಗೆದುಕೊಳ್ಳಲು ಹಿಂಜರಿಯುತ್ತವೆ, ಮಕ್ಕಳಿಗೆ ಅದು ಅರ್ಥವಾಗುವುದಿಲ್ಲ. ಆಗಸ್ಟ್ 19 ವಿಶ್ವ ಛಾಯಾಗ್ರಹಣ ದಿನ. 1839ರ ಆ ದಿನ ಫ್ರಾನ್ಸ್ ಸರ್ಕಾರ ಡಾಗೆರ್‌ನ ಛಾಯಾಗ್ರಹಣ ವಿಧಾನವನ್ನು ಜಗತ್ತಿಗೆ ಬಿಟ್ಟುಕೊಟ್ಟಿತು. ನಮ್ಮಲ್ಲಿ ಅದು ಬೀಳುವುದು ಸೋಣ ತಿಂಗಳ ಆರಂಭದಲ್ಲಿ, ಕೈಯಲ್ಲಿ ಕೆಲಸವಿಲ್ಲದ ಹೊತ್ತಿನಲ್ಲಿ. ಸನ್ಮಾನದ ಶಾಲಿನ ಜೊತೆಗೆ ಆ ದಿನ ವಲಯದ ಪ್ರತಿ ಸದಸ್ಯರೂ ಅಡಿಬರಹ ಬರೆದ ಹತ್ತು ಚಿತ್ರಗಳನ್ನು ಜಿಲ್ಲಾ ಗ್ರಂಥಾಲಯಕ್ಕೋ ಮಣಿಪಾಲದ ಯಾವುದಾದರೂ ಸಂಸ್ಥೆಗೋ ಠೇವಣಿ ಇಟ್ಟರೆ, ಹಕ್ಕು ತಮ್ಮಲ್ಲೇ ಉಳಿಸಿಕೊಂಡು ಊರಿನ ಒಂದು ಸಂಗ್ರಹ ಕಟ್ಟಿದಂತಾಗುತ್ತದೆ.

ಮದುವೆ ಗೊತ್ತು ಮಾಡುತ್ತಿರುವ ಮನೆಯವರಿಗೂ ಒಂದು ಮಾತು. ಫೋಟೋಗ್ರಾಫರ ಜೊತೆ ಕೂತು ಐದು ಸಾವಿರ ಇಳಿಸುವ ಮೊದಲು ಮೂರು ಪ್ರಶ್ನೆ ಕೇಳಿ: ಮೂಲ ಚಿತ್ರಗಳ ಎರಡು ಪ್ರತಿ ಎರಡು ಕಡೆ ಇರುತ್ತದೆಯೇ? ಎಷ್ಟು ವರ್ಷ ಇಟ್ಟಿರುತ್ತೀರಿ? ನಮ್ಮ ಚಿತ್ರ ಬೇರೆಲ್ಲಿ ಬಳಸುವ ಮೊದಲು ನಮ್ಮನ್ನು ಕೇಳುತ್ತೀರಾ? ಮೂರಕ್ಕೂ ಬರಹದಲ್ಲಿ ಉತ್ತರ ಕೊಡುವವರು ಕೇಳಿದ ದರಕ್ಕೆ ಅರ್ಹರು. ಆಮೇಲೆ ನಿಮ್ಮ ಪಾಲಿನದು ಒಂದಿದೆ: ಆಲ್ಬಮ್ಮಿನ ಚಿತ್ರಗಳನ್ನು ತಿಂಗಳೊಳಗೆ ಆರಿಸಿ ಕೊಟ್ಟುಬಿಡಿ. ಅವರ ಬಾಕಿ ಕಂತು ನಿಮ್ಮ ಆ ಒಂದು ಭಾನುವಾರದ ಮೇಲೆ ನಿಂತಿದೆ.